ಒಂಬತ್ತು ಸೆಂಟಿಮೀಟರಿನ ಹೊಟ್ಟೆಕಿಚ್ಚು

ಮಡಕಶಿರದ ಗಂಗಾಧರಪ್ಪನ ಮೇಲೆ ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಕೆಲಸಕ್ಕೆ ಸೇರಿದ ದಿನವೇ. ಸರ್ಕಾರಿ ವಸತಿ ಕೆಲಸಕ್ಕೆ ಇಬ್ಬರೂ ವರ್ಕ್ ಇನ್‌ಸ್ಪೆಕ್ಟರುಗಳಾಗಿ ಬಂದವರು. ಅನಂತಪುರದಲ್ಲಿ ಒಂದೇ ಬೆಂಚಿನ ಮೇಲೆ ಕೂತು ಆರ್ಡರಿಗೆ ಕಾಯುತ್ತಿದ್ದೆವು. ದೊಡ್ಡ ಸಾಹೇಬರು ಬಾಗಿಲಿಗೆ ಬಂದು, "ನಿಮ್ಮಿಬ್ಬರಲ್ಲಿ ಗಾರೆ ಕೆಲಸ ಯಾರಿಗೆ ಬರ್ತದೆ?" ಎಂದು ಕೇಳಿದರು. ನಾನು ಐಟಿಐ ಸರ್ಟಿಫಿಕೇಟು ತೆಗೆಯಲು ಚೀಲಕ್ಕೆ ಕೈ ಹಾಕಿದೆ. ಅವನು ಎರಡೂ ಅಂಗೈ ಚಾಚಿ ತೋರಿಸಿದ. ಸಿಮೆಂಟು ತಿಂದು ಬಿರುಕು ಬಿಟ್ಟ ಕೈ. ಸಾಹೇಬರು ಅವನನ್ನು ಒಳಗೆ ಕರೆದು ಟೀ ಕೊಡಿಸಿದರು. ನಾನು ಸರ್ಟಿಫಿಕೇಟು ಹಿಡಿದುಕೊಂಡು ಬೆಂಚಿನ ಮೇಲೇ ಕೂತಿದ್ದೆ.

ಈಗ ನನಗೆ ಅರವತ್ತಾರು. ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳು ರಾಯದುರ್ಗದ ನಮ್ಮ ಮನೆಗೆ ಆಗಾಗ ಬರುತ್ತಾರೆ. "ಭೀಮಣ್ಣ ಸಾರ್, ನಿಮ್ಮ ಕಾಲದ ಕೆಲಸ ಹೇಗಿತ್ತು ಬರೆದುಕೊಡಿ" ಎನ್ನುತ್ತಾರೆ. ಬಡ್ತಿಯ ಕಥೆ ಬರೆಯುವುದಿಲ್ಲ. ಅದು ಗಂಗಾಧರಪ್ಪನಿಗೂ ನನಗೂ ಒಂದೇ ಆರ್ಡರಿನಲ್ಲಿ ಬಂತು, ಅವನ ಹೆಸರು ಮೇಲಿತ್ತು. ಅಷ್ಟು ಸಾಕು.

ನಮ್ಮ ಆ ದೊಡ್ಡ ಸಾಹೇಬರ ವಿಷಯ ಮೊದಲು ಹೇಳಬೇಕು. ತೆಲುಗಿನವರು, ತೆಳ್ಳಗೆ ಎತ್ತರದ ಮನುಷ್ಯ. ಪ್ರಾಯದಲ್ಲಿ ಉತ್ತರದ ಕಡೆ ಹೊಸ ಊರು ಕಟ್ಟುವ ಕೆಲಸ ಕಲಿತು ಬಂದವರಂತೆ. ಅವರ ಮೇಜಿನ ಡ್ರಾಯರಿನಲ್ಲಿ ಐವತ್ತು ಅರವತ್ತರ ದಶಕದ ಮನೆಗಳ ಫೋಟೋಗಳಿದ್ದವು. ತಗ್ಗಾಗಿ, ಉದ್ದಕ್ಕೆ ಮಲಗಿದಂತಿರುವ ಮನೆಗಳು. ಸಪಾಟು ಚಾವಣಿ, ಗೋಡೆ ದಾಟಿ ಹೊರಕ್ಕೆ ಚಾಚಿದ ಸಜ್ಜಾ, ಗಾಳಿ ಬೆಳಕು ಆಡುವ ಜಾಲಿ ಗೋಡೆ. ಹೂವಿಲ್ಲ, ಬಳ್ಳಿಯಿಲ್ಲ, ಕಂಬದ ಮೇಲೆ ಸಿಂಹವಿಲ್ಲ. "ಇವು ಶ್ರೀಮಂತರಿಗೆ ಕಟ್ಟಿದ್ದು. ಇದೇ ಮನೆಯನ್ನು ಕುರಿ ಕಾಯುವವನಿಗೆ ಯಾಕೆ ಕಟ್ಟಬಾರದು?" ಎನ್ನುತ್ತಿದ್ದರು. ಅಗ್ಗವಾಗಬೇಕಾದರೆ ಒಂದೇ ದಾರಿ. ಕಾಂಕ್ರೀಟಿನ ಟೊಳ್ಳು ಬ್ಲಾಕು ಎರಕ ಹೊಯ್ದು, ಕೋಣೆ, ಬಾಗಿಲು, ಕಿಟಕಿ, ಎಲ್ಲವನ್ನೂ ಆ ಬ್ಲಾಕಿನ ಅಳತೆಯಲ್ಲೇ ಕೂರಿಸುವುದು. ಉದ್ದಕ್ಕೆ ಇಷ್ಟು ಬ್ಲಾಕು, ಅಗಲಕ್ಕೆ ಇಷ್ಟು. ಒಂದು ಬ್ಲಾಕನ್ನೂ ಒಡೆಯಬಾರದು. ಚಾವಣಿಗೆ ಮೊದಲೇ ಎರಕ ಹೊಯ್ದ ಕಾಂಕ್ರೀಟು ಹಲಗೆಗಳನ್ನು ಎತ್ತಿ ಕೂರಿಸಿದರೆ ಮನೆ ಮುಗಿಯಿತು.

ಮಡಕಶಿರ ಗಂಗಾಧರಪ್ಪನಿಗೆ, ರಾಯದುರ್ಗ ನನಗೆ. ಸಾಹೇಬರು ಇಬ್ಬರಿಗೂ ಒಂದೇ ನಕ್ಷೆ ಕೊಟ್ಟರು.

ನಾನು ಜಾಲಿಯಿಂದ ಶುರು ಮಾಡಿದೆ. ಜನ ಮೊದಲು ನೋಡುವುದು ಜಾಲಿಯನ್ನೇ ಎಂದು ನನ್ನ ಲೆಕ್ಕ. ಎಂಟು ದಳದ ಹೂವಿನ ಅಚ್ಚು ಮಾಡಿಸಿದೆ. ಅಚ್ಚು ಬಿಚ್ಚಿದಾಗಲೆಲ್ಲ ದಳ ಮುರಿದು ಕೈಗೆ ಬರುತ್ತಿತ್ತು. ಹಗರಿ ಹೊಳೆಯ ಮರಳು ಬಹಳ ನುಣುಪು ಎಂದು ಮರಳನ್ನು ಬೈದೆ, ನೀರನ್ನು ಬೈದೆ, ಕಣೇಕಲ್ಲಿನಿಂದ ಮರಳು ತಂದ ಲಾರಿಯವನನ್ನೂ ಬೈದೆ. ತಿಂಗಳಾದರೂ ಒಂದು ಕಿಟಕಿಯಷ್ಟು ಜಾಲಿ ಆಗಲಿಲ್ಲ.

ಅಷ್ಟರಲ್ಲಿ ಮಡಕಶಿರದಲ್ಲಿ ಜಾಲಿ ಗೋಡೆ ಎದ್ದು ನಿಂತಿತ್ತು. ಸಾಹೇಬರು, "ಹೋಗಿ ನೋಡಿಕೊಂಡು ಬಾ" ಎಂದು ನನ್ನನ್ನೇ ಕಳಿಸಿದರು. ಹೋದೆ. ಗಂಗಾಧರಪ್ಪ ಅಚ್ಚೇ ಮಾಡಿಸಿರಲಿಲ್ಲ. ಅದೇ ಟೊಳ್ಳು ಬ್ಲಾಕನ್ನು ಅಡ್ಡ ಮಲಗಿಸಿ, ತೂತು ಹೊರಗೆ ಕಾಣುವಂತೆ ಪೇರಿಸಿದ್ದ. ಸಂಜೆಯ ಬಿಸಿಲು ಆ ತೂತುಗಳಿಂದ ಒಳಗೆ ಬಿದ್ದು ನೆಲದ ಮೇಲೆ ಚೌಕ ಚೌಕವಾಗಿ ಹರಡಿತ್ತು.

"ಇದು ಹೆಂಗೆ ಹೊಳೀತೋ ನಿನಗೆ?" ಎಂದೆ.

"ನಂಗೆಲ್ಲಿ ಹೊಳೀತದೆ ಭೀಮಣ್ಣ. ಈ ಮನೆ ಅಮ್ಮ ರೇಷ್ಮೆ ಹುಳ ಸಾಕ್ತಾಳೆ. ಹುಳಕ್ಕೆ ಗಾಳಿ ಬೇಕು ಕಣಣ್ಣ, ಕಿಟಕಿ ಸಾಲಲ್ಲ ಅಂದ್ಲು. ಬ್ಲಾಕ್ ಮಗ್ಗುಲಿಗೆ ಬಿದ್ದಿತ್ತು, ಅದನ್ನ ಅಂಗೇ ಎತ್ತಿಟ್ಟೆ."

ಅವನು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೆ. ಇಷ್ಟು ಒಳ್ಳೆಯದೊಂದು ತನಗೆ ಹೊಳೆದರೆ ಯಾರಾದರೂ ಇನ್ನೊಬ್ಬರ ಹೆಸರು ಹೇಳುತ್ತಾರೆಯೇ? ನಾನಂತೂ ಹೇಳುವವನಲ್ಲ.

ಅವನ ಇನ್ನೊಂದು ಪದ್ಧತಿಯನ್ನು ಅಂದೇ ಕಂಡೆ. ಪಾಯ ತೋಡುವ ಮುಂಚೆ ಅವನು ಬರಿ ನೆಲದ ಮೇಲೆ, ಗಾರೆ ಇಲ್ಲದೆ, ಮನೆಯ ಸುತ್ತಲೂ ಒಂದು ಸಾಲು ಬ್ಲಾಕು ಜೋಡಿಸುತ್ತಿದ್ದ. ಅದಕ್ಕೆ ಒಣ ವರಸೆ ಎಂದು ಹೆಸರಿಟ್ಟಿದ್ದ. ಎರಡು ಬ್ಲಾಕಿನ ನಡುವೆ ಕಿರುಬೆರಳಿನಷ್ಟು ಸಂದು ಬಿಡುವುದು. ಮುಂದೆ ಗಾರೆ ಬರುವ ಜಾಗ ಅದು. ಆಮೇಲೆ ಮನೆಯ ಹೆಂಗಸನ್ನು ಕರೆದು, "ಅಮ್ಮ, ಒಳಗೆ ಬಾ, ಓಡಾಡು, ಒಲೆ ಎಲ್ಲಿಡ್ತೀಯ ತೋರಿಸು" ಎನ್ನುತ್ತಿದ್ದ. ಆ ಹೆಂಗಸು ಇಲ್ಲದ ಬಾಗಿಲಿನಿಂದ ತಲೆ ತಗ್ಗಿಸಿ ಒಳಗೆ ಬರುತ್ತಿದ್ದಳು. ಆಕೆ ನಿಂತ ಕಡೆ ಒಲೆ, ತಿರುಗಿದ ಕಡೆ ಕಿಟಕಿ. ಆಮೇಲೆ ಸುಣ್ಣದ ಗೆರೆ, ಆಮೇಲೆ ಪಾಯ. ಜನ ಅವನ ಮನೆಗಳಿಗೆ ಬೇಗ ಹೊಂದಿಕೊಂಡದ್ದು ಇದರಿಂದಲೇ. ಅವನು ಹೋದಲ್ಲೆಲ್ಲ ಮಜ್ಜಿಗೆ, ಹುರಿದ ಕಡಲೆಕಾಯಿ. ನಾನು ಹೋದರೆ ಕುರ್ಚಿ ತಂದು ಹಾಕುತ್ತಿದ್ದರು, ಅಷ್ಟೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನೀವು ಓದಬೇಕಾದದ್ದು ಇದೇ.

ರಾಯದುರ್ಗದ ಅಂಚಿನಲ್ಲಿ ಕುರಿ ಸಾಕುವ ಹದಿನೆಂಟು ಕುಟುಂಬಗಳಿಗೆ ಮನೆ ಕಟ್ಟುವ ಕೆಲಸ ನನಗೆ ಬಂತು. ಬ್ಲಾಕಿನ ಅಚ್ಚನ್ನು ಮಡಕಶಿರದಿಂದ ತರಿಸಿಕೊಳ್ಳಬೇಕೆಂದು ಸಾಹೇಬರು ಬರೆದಿದ್ದರು. ಗಂಗಾಧರಪ್ಪನ ಮುಂದೆ ಕೈ ಚಾಚಿ ಅಚ್ಚು ಕೇಳುವುದೆಂದರೆ ನನಗೆ ಪ್ರಾಣ ಹೋದಂತಾಯಿತು. ನಾನೇ ಮಾಡಿಸುತ್ತೇನೆ, ಅವನಿಗಿಂತ ಚೆನ್ನಾಗಿ ಮಾಡಿಸುತ್ತೇನೆ ಎಂದುಕೊಂಡೆ. ಅಳತೆ ಬೇಕಿತ್ತು. ಕೇಳುವ ಮನಸ್ಸಿರಲಿಲ್ಲ, ಹಾಗಾಗಿ ಕದಿಯಲು ಹೊರಟೆ.

ಅವನು ಅಮರಾಪುರಕ್ಕೆ ಹೋಗಿದ್ದಾನೆಂದು ತಿಳಿದು, ಒಂದು ಮಧ್ಯಾಹ್ನ ಮಡಕಶಿರದಲ್ಲಿ ಬಸ್ಸಿಳಿದೆ. ಬ್ಲಾಕು ಹೊಯ್ಯುವ ಅಂಗಳದಲ್ಲಿ ಹೆಣ್ಣಾಳುಗಳು ಹಸಿ ಬ್ಲಾಕುಗಳಿಗೆ ನೀರುಣಿಸುತ್ತಿದ್ದರು. ಅವರ ಎದುರು ಬಿಡಿ ಬ್ಲಾಕಿಗೆ ಟೇಪು ಹಿಡಿದರೆ ಸಂಜೆಗೇ ಅವನಿಗೆ ಸುದ್ದಿ ಮುಟ್ಟುತ್ತದೆ. ಆದ್ದರಿಂದ ಮುಗಿದ ಮನೆಯೊಂದರ ಹಿಂದಕ್ಕೆ ಹೋಗಿ, ಗೋಡೆಗೆ ಒರಗಿದವನಂತೆ ನಿಂತು ಅಳೆದೆ. ಒಂದು ಸಂದಿನ ನಡುವಿನಿಂದ ಐದು ಬ್ಲಾಕು ದಾಟಿ ಇನ್ನೊಂದು ಸಂದಿನ ನಡುವಿಗೆ. ಸರಿಯಾಗಿ ಎರಡು ಮೀಟರು. ಐದರಿಂದ ಭಾಗಿಸಿದೆ. ನಲವತ್ತು ಸೆಂಟಿಮೀಟರು. ಎತ್ತರವನ್ನೂ ಹಾಗೇ ಅಳೆದೆ, ಇಪ್ಪತ್ತು. ನಕ್ಷೆಯಲ್ಲೂ ಎಲ್ಲ ನಲವತ್ತರ ಲೆಕ್ಕದಲ್ಲೇ ಇತ್ತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡು ಪಾವಗಡದ ಬಸ್ಸು ಹತ್ತಿದೆ.

ಈ ಕೆಲಸ ಬಲ್ಲವರಿಗೆ ಈಗಾಗಲೇ ನಗು ಬಂದಿರಬೇಕು. ಬಾರದವರಿಗೆ ಹೇಳುತ್ತೇನೆ. ಬ್ಲಾಕು ನಲವತ್ತಲ್ಲ, ಮೂವತ್ತೊಂಬತ್ತು. ಉಳಿದ ಒಂದು ಸೆಂಟಿಮೀಟರು ಗಾರೆಯದು, ಎತ್ತರದಲ್ಲೂ ಹಾಗೇ. ನಾನು ಗಾರೆಯನ್ನೂ ಸೇರಿಸಿ ಕದ್ದಿದ್ದೆ.

ರಾಯದುರ್ಗದಲ್ಲಿ ವೆಲ್ಡಿಂಗ್ ಅಂಗಡಿಯ ಖಾಸಿಂ ಸಾಬರು ಅಚ್ಚು ಮಾಡಿದರು. ವಯಸ್ಸಾದವರು, ತಾಳ್ಮೆಯವರು. ಅಳತೆ ಬರೆದುಕೊಳ್ಳುವಾಗ ಪೆನ್ಸಿಲ್ ನಿಲ್ಲಿಸಿ, "ಸಾರ್, ಸಂದು ಬಿಟ್ಟು ನಲವತ್ತೇನ್ರಿ, ಸಂದು ಸೇರಿ ನಲವತ್ತೇನ್ರಿ?" ಎಂದು ಕೇಳಿದರು.

"ನಲವತ್ತು ಅಂದರೆ ನಲವತ್ತು! ಇಂಜಿನಿಯರು ನೀವೋ ನಾನೋ?" ಎಂದೆ.

"ನೀವ ಬಿಡ್ರಿ," ಎಂದು ಅವರು ತಗಡು ಕತ್ತರಿಸಿದರು. ನಾನು ಇಂಜಿನಿಯರೂ ಆಗಿರಲಿಲ್ಲ.

ಬ್ಲಾಕುಗಳು ಬಂದವು. ನೋಡಲು ಚೆಂದವಾಗಿಯೇ ಇದ್ದವು. ನಾನು ಗಂಗಾಧರಪ್ಪನ ಒಣ ವರಸೆಯನ್ನೂ ಕದ್ದೆ. ಟೇಪು ಹಿಡಿದು ಪಾಯ ಗುರುತು ಮಾಡಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಆದರೆ ಬ್ಲಾಕು ಜೋಡಿಸಿ, ಕಿರುಬೆರಳ ಸಂದು ಬಿಟ್ಟು, ಅದರ ಮೇಲೆ ಸುಣ್ಣದ ಗೆರೆ ಎಳೆದೆ. ಬ್ಲಾಕು ದೊಡ್ಡದಾದಂತೆ ಮನೆಯೂ ದೊಡ್ಡದಾಯಿತು. ಯಾರಿಗೂ ಗೊತ್ತಾಗಲಿಲ್ಲ.

ಸಾಲಿನ ಮೊದಲ ಮನೆ ಹೊನ್ನೂರಮ್ಮನದು. ನಡುವಯಸ್ಸಿನ ಗಟ್ಟಿ ಹೆಂಗಸು. ಹಳೆಯ ಗುಡಿಸಲು ಇದ್ದ ಜಾಗದಲ್ಲೇ ಮನೆ ಏಳಬೇಕಾಗಿದ್ದರಿಂದ ಅದನ್ನು ಕಿತ್ತು, ಟಾರ್ಪಾಲಿನ ಕೆಳಗೆ ಸಂಸಾರ ಹೂಡಿದ್ದಳು. ಅವಳಂತೆಯೇ ಹದಿನೆಂಟು ಮನೆಯವರೂ. ದಿನವೂ ಬಂದು, "ಸಾಹೇಬ್ರ, ಮಳಿ ಹಿಡಿಯೋದ್ರಾಗ ಮಾಳಿಗಿ ಬೀಳ್ತೈತೇನ್ರಿ?" ಎಂದು ಕೇಳುತ್ತಿದ್ದಳು.

"ಮಡಕಶಿರಕ್ಕಿಂತ ಮೊದಲು ಮುಗಿಸ್ತೀನಿ ನೋಡಮ್ಮ," ಎನ್ನುತ್ತಿದ್ದೆ. ಅವಳಿಗೆ ಮಡಕಶಿರ ಯಾಕೆ ಬೇಕು ಪಾಪ.

ಬಾಗಿಲ ಚೌಕಟ್ಟಿನ ಮೇಲೆ ಅಂಗೈ ಅಗಲ ಸಂದು ಉಳಿದಾಗಲೇ ಎಚ್ಚರವಾಗಬೇಕಿತ್ತು. ನಾನು ಬಡಗಿಯನ್ನು ಬೈದು, ಆ ಜಾಗಕ್ಕೆ ಗಾರೆ ತುಂಬಿಸಿದೆ.

ಹದಿನೆಂಟು ಮನೆಯ ಗೋಡೆಗಳೂ ಎದ್ದವು. ಚಾವಣಿಯ ಹಲಗೆಗಳು ಮಡಕಶಿರದ ಅಂಗಳದಲ್ಲೇ ಎರಕವಾಗುತ್ತಿದ್ದವು. ಮೋಡ ಕಟ್ಟಿದ್ದ ಒಂದು ಬೆಳಿಗ್ಗೆ ಲಾರಿ ಬಂತು. ಡ್ರೈವರಿನ ಪಕ್ಕದಿಂದ ಗಂಗಾಧರಪ್ಪನೇ ಇಳಿದ. ಹೊನ್ನೂರಮ್ಮ ಮೊದಲ ಹಲಗೆಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದಳು. ಎಂಟು ಜನ ಹಲಗೆ ಎತ್ತಿ ಗೋಡೆಗೇರಿಸಿದರು. ಒಂದು ತುದಿ ಸರಿಯಾಗಿ ಕೂತಿತು. ಇನ್ನೊಂದು ತುದಿ ಎದುರು ಗೋಡೆಯ ಅಂಚನ್ನು ಬರೀ ಮುಟ್ಟಿ ನಿಂತಿತು.

"ಹಲಗೆ ಗಿಡ್ಡ ಮಾಡಿದ್ದಾನೆ!" ಎಂದು ಕೂಗಿದೆ. ಕೂಗುವಾಗ ನಿಜವಾಗಿಯೂ ಸಂತೋಷವಾಯಿತು. ಅವನು ತಪ್ಪಿದ ಎಂಬ ಸಂತೋಷ. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ.

ಗಂಗಾಧರಪ್ಪ ಟೇಪನ್ನು ತೆಗೆಯಲಿಲ್ಲ. ಗೋಡೆಯ ಹತ್ತಿರ ಹೋಗಿ ಒಂದು ಬ್ಲಾಕಿನ ಮೇಲೆ ಗೇಣು ಹಾಕಿದ. ಇನ್ನೊಮ್ಮೆ ಹಾಕಿದ. ಆಮೇಲೆ ತಿರುಗಿ ನನ್ನ ಮುಖ ನೋಡಿದ. ಕೋಣೆಯ ಅಗಲಕ್ಕೆ ಒಂಬತ್ತು ಬ್ಲಾಕು, ಬ್ಲಾಕಿಗೊಂದು ಸೆಂಟಿಮೀಟರು, ಒಟ್ಟು ಒಂಬತ್ತು ಸೆಂಟಿಮೀಟರು. ಆಗ ನನಗೂ ತಿಳಿಯಿತು. ಹದಿನೆಂಟು ಮನೆಯ ಗೋಡೆ ಕೆಡವಬೇಕು, ನನ್ನ ನೌಕರಿ ಹೋಗುತ್ತದೆ, ಮಳೆ ಬಂದರೆ ಇವರೆಲ್ಲ ಟಾರ್ಪಾಲಿನ ಕೆಳಗೇ.

"ಯಾಕ್ರಿ, ಕುಂದ್ರಂಗಿಲ್ಲೇನ್ರಿ ನಮ್ಮ ಮಾಳಿಗಿ?" ಹೊನ್ನೂರಮ್ಮ ಕೇಳಿದಳು. ಕೈಯಲ್ಲಿ ಒಡೆದ ಕಾಯಿ ಹಾಗೇ ಇತ್ತು.

"ಕೂರ್ತದೆ ಕಣಮ್ಮ, ಸ್ವಲ್ಪ ತಡಿ," ಎಂದ ಗಂಗಾಧರಪ್ಪ. ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋದ. ಈಗ ಬೈಯುತ್ತಾನೆ ಎಂದು ಕಾದೆ. ಅವನು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದ.

"ಮೇಲಿನ ವರಸೆ ಬಿಚ್ಚುಬುಡು ಭೀಮಣ್ಣ. ಎರಡೂ ಕಡೆ ಗೋಡೇಲಿ ಆ ಒಂದು ವರಸೇನ ಐದೈದು ಸೆಂಟಿಮೀಟ್ರು ಒಳಕ್ಕೆ ಮುಂದೆ ತಂದು ಕೂರ್ಸು. ತೂತಿಗೆ ಕಾಂಕ್ರೀಟ್ ತುಂಬು. ಹಲಗೆ ಅದ್ರ ಮ್ಯಾಲೆ ಕೂರ್ತದೆ, ಭಾರ ಹೊರ್ತದೆ. ಕಾಂಕ್ರೀಟ್ ಹಸಿ ಇದ್ದಾಗ್ಲೇ ಕಬ್ಬಿಣದ ಕೊಂಡಿ ಸಿಗ್ಸು, ಹೆಂಗಸ್ರು ಏನಾದ್ರೂ ನೇತಾಕ್ಕಂತಾರೆ."

"ಅಚ್ಚು..." ಎಂದೆ.

"ಅಚ್ಚು ಆಮ್ಯಾಕೆ ನೋಡಾನ, ಮೋಡ ಐತೆ," ಎಂದು ಅಂಗಿ ಬಿಚ್ಚಿ ತಾನೇ ಗೋಡೆ ಹತ್ತಿದ.

ನಾಲ್ಕು ದಿನ ಅಲ್ಲೇ ಇದ್ದು ಮೇಸ್ತ್ರಿಗಳ ಜೊತೆ ಕೆಲಸ ಮಾಡಿದ. ನಾನು ಅವನಿಗೆ ಬ್ಲಾಕು ಎತ್ತಿಕೊಟ್ಟೆ. ಹೊನ್ನೂರಮ್ಮ ಅವನಿಗೆ ಜೋಳದ ರೊಟ್ಟಿ, ಪುಂಡಿಪಲ್ಯ ತಂದು ಕೊಡುತ್ತಿದ್ದಳು. ನನಗೂ ಕೊಟ್ಟಳು. ಆದರೆ ಅವನಿಗೆ ಮೊದಲು ಕೊಟ್ಟಳು. ನೌಕರಿ ಹೋಗುವ ಹೊತ್ತಿನಲ್ಲೂ ಅದನ್ನು ಗಮನಿಸಿದವನು ನಾನು.

ಐದನೆಯ ದಿನ ಸಾಹೇಬರು ಬಂದರು. ಹೊನ್ನೂರಮ್ಮನ ಮನೆಯೊಳಗೆ ಹೋದವರು ಹೊರಗೆ ಬರಲೇ ಇಲ್ಲ. ಮುಗಿಯಿತು ನನ್ನ ಕಥೆ ಎಂದುಕೊಂಡು ಒಳಗೆ ಇಣುಕಿದೆ. ಅವರು ಕತ್ತೆತ್ತಿ ಚಾವಣಿ ನೋಡುತ್ತ ನಿಂತಿದ್ದರು. ಮುಂದೆ ಬಂದ ಆ ವರಸೆಯ ಕೆಳಗೆ ಗೋಡೆಯ ಉದ್ದಕ್ಕೂ ಒಂದು ತೆಳ್ಳನೆಯ ನೆರಳಿನ ಪಟ್ಟಿ ಬಿದ್ದಿತ್ತು. ಚಾವಣಿ ಗೋಡೆಯನ್ನು ಮುಟ್ಟದೆ ತೇಲುತ್ತಿರುವ ಹಾಗೆ ಕಾಣುತ್ತಿತ್ತು. ಕೊಂಡಿಯಲ್ಲಿ ಹೊನ್ನೂರಮ್ಮ ಆಗಲೇ ಮೊಸರಿನ ನೆಲುವು ತೂಗುಹಾಕಿದ್ದಳು.

"ಎವರಿದಯ್ಯಾ ಈ ಐಡಿಯಾ, ಯಾರದು?" ಎಂದರು ಸಾಹೇಬರು. ಅವರ ಕಣ್ಣಲ್ಲಿ ನೀರಿತ್ತು. "ನನ್ನ ಆ ಫೋಟೋಗಳಲ್ಲಿ ಇದೇ ಇರೋದು. ಇಷ್ಟು ವರ್ಷ ನಾನು ಬಾಯಲ್ಲಿ ಹೇಳೋಕೆ ಆಗದೆ ಇದ್ದದ್ದು."

ಗಂಗಾಧರಪ್ಪ ನನ್ನ ಪಕ್ಕದಲ್ಲೇ ನಿಂತಿದ್ದ. ಹೊನ್ನೂರಮ್ಮ ಬಾಗಿಲಲ್ಲಿದ್ದಳು.

"ಇಲ್ಲೇ ಕೆಲಸ ಮಾಡ್ತಾ ಮಾಡ್ತಾ ಹೊಳೀತು ಸಾರ್," ಎಂದೆ ನಾನು.

ಗಂಗಾಧರಪ್ಪ ರಸಮಟ್ಟವನ್ನು ಕೈಗೆತ್ತಿಕೊಂಡು ಅದರ ಗುಳ್ಳೆಯನ್ನು ನೋಡತೊಡಗಿದ. ಹೊನ್ನೂರಮ್ಮ ನನ್ನನ್ನು ಒಂದು ಸಲ ನೋಡಿ, ಹೊರಗೆ ಹೋಗಿ ಕುರಿಮರಿ ಅಟ್ಟಿದಳು. ಸಾಹೇಬರು ನನ್ನ ಭುಜದ ಮೇಲೆ ಕೈ ಇಟ್ಟರು. ನನ್ನ ಮೂವತ್ತೆರಡು ವರ್ಷದ ನೌಕರಿಯಲ್ಲಿ ಸಾಹೇಬರೊಬ್ಬರು ನನ್ನ ಭುಜ ಮುಟ್ಟಿದ್ದು ಅದೊಂದೇ ಸಲ.

ಆಮೇಲೆ ಜಿಲ್ಲೆಯ ಬೇರೆ ಕಡೆಗಳ ನಕ್ಷೆಯಲ್ಲೂ ಆ ವರಸೆ ಸೇರಿತು. ನನಗೆ ಹೆಸರು ಬಂತು. ಹೊಟ್ಟೆಕಿಚ್ಚು ಹೋಯಿತೇ ಎಂದರೆ ಇನ್ನೂ ಜಾಸ್ತಿಯಾಯಿತು. ಅವನು ನನ್ನನ್ನು ಹಿಡಿದುಕೊಟ್ಟಿದ್ದರೆ ಇಬ್ಬರ ಲೆಕ್ಕವೂ ಸರಿಹೋಗುತ್ತಿತ್ತು, ನಾನು ಅವನನ್ನು ಮನಸಾರೆ ದ್ವೇಷಿಸಬಹುದಿತ್ತು. ಅವನು ಆ ಸುಖವನ್ನೂ ಕೊಡಲಿಲ್ಲ. ಮೀಟಿಂಗುಗಳಲ್ಲಿ ಅವನಿರುವ ಬೆಂಚು ಬಿಟ್ಟು ಬೇರೆ ಬೆಂಚಿಗೆ ಹೋಗುತ್ತಿದ್ದೆ. ಅವನು ಅಲ್ಲಿಂದಲೇ "ಊಟಾಯ್ತಾ ಭೀಮಣ್ಣ?" ಎಂದು ಕೇಳುತ್ತಿದ್ದ.

ಕಾಲ ಬದಲಾಯಿತು. ಹಗುರ ಬ್ಲಾಕು ಬಂತು, ಸಂದಿಗೆ ಗಾರೆಯ ಬದಲು ಅಂಟು ಬಂತು, ನಕ್ಷೆ ಕಂಪ್ಯೂಟರಿಗೆ ಹೋಯಿತು. ಫ್ಲೆಕ್ಸಿನಲ್ಲಿ ಮನೆಯ ಬಣ್ಣದ ಚಿತ್ರ ಮೊದಲು ಬರುತ್ತದೆ, ಮನೆ ಆಮೇಲೆ. ಈಗಿನವರ ಲೇಸರ್ ಅಳತೆ ಕೂದಲಷ್ಟೂ ತಪ್ಪುವುದಿಲ್ಲ. ಆದರೆ ಒಣ ವರಸೆ ಹಾಕಿ ಮನೆಯವಳನ್ನು ಒಳಗೆ ಕರೆಯುವವರನ್ನು ನಾನು ಎಲ್ಲಿಯೂ ಕಾಣಲಿಲ್ಲ. ಅದೊಂದನ್ನು ಬಿಡಬೇಡಿ.

ನನ್ನ ಹತ್ತಿರ ಬರುವ ಮಕ್ಕಳು ಹೊನ್ನೂರಮ್ಮನ ಸಾಲಿಗೆ ಹೋಗಿ ಫೋಟೋ ಹೊಡೆಯುತ್ತಾರೆ. "ಇದು ನಿಮಗೆ ಹೇಗೆ ಹೊಳೀತು ಸಾರ್?" ಎಂದು ಕೇಳುತ್ತಾರೆ. ಮೊನ್ನೆಮೊನ್ನೆಯವರೆಗೂ ನಾನು ಉತ್ತರ ಹೇಳುತ್ತಿದ್ದೆ, ಕೈ ಆಡಿಸಿ ಹೇಳುತ್ತಿದ್ದೆ.

ಕಳೆದ ತಿಂಗಳು ನನ್ನ ಹೆಂಡತಿ ಸರೋಜಮ್ಮ ಹಟ ಹಿಡಿದಳು. ಗಂಗಾಧರಪ್ಪ ಅಮರಾಪುರದ ರಸ್ತೆಯಲ್ಲಿ ತನಗೊಂದು ಮನೆ ಕಟ್ಟಿಕೊಂಡಿದ್ದಾನಂತೆ, ನೋಡಬೇಕು ಎಂದು. ಅವಳಿಗೆ ಅವನ ಮನೆಗಳೆಂದರೆ ಮೊದಲಿನಿಂದಲೂ ಇಷ್ಟ, ಅದೂ ನನಗೊಂದು ಉರಿ. ಹೋದೆವು. ರಾಗಿ ಹೊಲದ ಪಕ್ಕ ತಗ್ಗಾದ, ಉದ್ದನೆಯ ಮನೆ. ಅದೇ ಬ್ಲಾಕು, ಅದೇ ಅಡ್ಡ ಮಲಗಿಸಿದ ಜಾಲಿ. ಒಳಗೆ ಕೂತು ಕತ್ತೆತ್ತಿದೆ. ಚಾವಣಿಯ ಕೆಳಗೆ ಒಂದು ವರಸೆ ಐದು ಸೆಂಟಿಮೀಟರು ಮುಂದೆ ಬಂದು, ಅದರಡಿ ನೆರಳಿನ ಪಟ್ಟಿ. ಸರಿಯಾದ ಅಳತೆಯ ಮನೆಗೆ ಅದರ ಅಗತ್ಯವೇ ಇಲ್ಲ.

"ಇದ್ಯಾಕೆ ಇಲ್ಲಿ?" ಎಂದೆ.

"ಇದಾ? ಭೀಮಣ್ಣನ ವರಸೆ ಅಂತ ನಮ್ ಮೇಸ್ತ್ರಿಗಳೆಲ್ಲ ಅಂಗೇ ಕರೀತಾರೆ. ಚೆಂದಾಗದೆ ಅಂತ ನಾನೂ ಹಾಕುಸ್ಕಂಡೆ," ಎಂದ. ಮುಖದಲ್ಲಿ ನಗುವೂ ಇರಲಿಲ್ಲ, ಕೊಂಕೂ ಇರಲಿಲ್ಲ. ಸರೋಜಮ್ಮ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ಅವನು ಕಾಫಿ ತರುತ್ತೇನೆಂದು ಒಳಗೆ ಹೋದ.

ಮರೆತಿದ್ದಾನೆ ಎಂದುಕೊಂಡೆ. ನಾನು ಅದನ್ನು ಹೊತ್ತುಕೊಂಡು ಇಷ್ಟು ವರ್ಷ ಸವೆಸಿದ್ದೇನೆ, ಇವನು ಮರೆತು ಹಾಯಾಗಿದ್ದಾನೆ. ಅವನ ಕೈ, ಅವನ ಜಾಲಿ, ಅವನ ಮಜ್ಜಿಗೆ ಎಲ್ಲದರ ಮೇಲೂ ಹೊಟ್ಟೆ ಉರಿದುಕೊಂಡಿದ್ದೆ. ಆ ಮರೆವಿನ ಮೇಲೆ ಉರಿದಷ್ಟು ಯಾವುದರ ಮೇಲೂ ಉರಿದಿರಲಿಲ್ಲ. ಸುಮ್ಮನೆ ಕೂರಲಾಗಲಿಲ್ಲ. ಜೇಬಿನಿಂದ ಟೇಪು ತೆಗೆದು, ಎದ್ದು ಹೋಗಿ, ಗೋಡೆಯ ಒಂದು ಬ್ಲಾಕಿಗೆ ಹಿಡಿದೆ. ಈ ಸಲ ಸಂದು ಬಿಟ್ಟು, ಅಂಚಿನಿಂದ ಅಂಚಿಗೆ.

ಹಿಂದೆ ಲೋಟಗಳ ಸದ್ದಾಯಿತು. ಗಂಗಾಧರಪ್ಪ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಆವತ್ತು ಹಿತ್ಲಾಗೆ ನಿಂತು ಅಳೆದ್ಯಲ್ಲ, ಅವತ್ತೇ ನಮ್ ಹೆಣ್ಣಾಳು ಬಂದು ಯೋಳಿದ್ರು," ಎಂದ. "ಈಗ್ಲಾದ್ರೂ ಸರಿಯಾಗಿ ಹಿಡಿದ್ಯಾ ಭೀಮಣ್ಣ?"

ಸರೋಜಮ್ಮ ಅವನನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. ಹದಿನೆಂಟು ಮನೆಯ ಕಥೆಯನ್ನು ಆಗ ಅವಳ ಎದುರಿಗೇ ಮೊದಲಿಂದ ಹೇಳಿದೆ, ಈಗ ನಿಮಗೆ ಬರೆದ ಹಾಗೆಯೇ. ಅವನು ಕಾಫಿ ಆರಿಸಿ ಕುಡಿಯುತ್ತ ಕೇಳಿಸಿಕೊಂಡ. ಎಲ್ಲಿಯೂ ತಡೆಯಲಿಲ್ಲ, ತಿದ್ದಲೂ ಇಲ್ಲ. ಹೇಳಿ ಮುಗಿಸಿದ ಮೇಲೆ ಲೋಟ ಕೆಳಗಿಟ್ಟು, "ಎಷ್ಟು ಬಂತು ಹೇಳಲೇ ಇಲ್ಲವಲ್ಲಣ್ಣ," ಎಂದ.

"ಮೂವತ್ತೊಂಬತ್ತು," ಎಂದೆ.